ವಾರ್ತಮ್ಮನ ತಿದ್ದುಪಡಿ

ಟೀವಿಯಲ್ಲಿ ವಾರ್ತೆ ಓದುತ್ತಿದ್ದ ಹೆಂಗಸೊಬ್ಬರು ಕೊರಿಯದ ರಾಜಕೀಯಕ್ಕೆ ಇಳಿದರೆ ಅದರಲ್ಲಿ ಅಂಥ ಆಶ್ಚರ್ಯವೇನೂ ಇಲ್ಲವಂತೆ. ನಮ್ಮ ಕಡೆ ಪಕ್ಷದವರು ಸಿನಿಮಾದವರ ಮನೆಗೇ ಹೋಗಿ ಕರೆದುಕೊಂಡು ಬರುವ ಹಾಗೆ ಅಲ್ಲಿ ವಾರ್ತೆ ಓದುವವರನ್ನು ಕರೆದುಕೊಂಡು ಹೋಗುತ್ತಾರೆ. ಮುಖ ಗೊತ್ತಿರುತ್ತದೆ, ದನಿ ಗೊತ್ತಿರುತ್ತದೆ, ಬರೆದುಕೊಟ್ಟದ್ದನ್ನು ತಡವರಿಸದೆ ಓದುತ್ತಾರೆ. ಪಕ್ಷಕ್ಕೆ ಇನ್ನೇನು ಬೇಕು? ಆದರೆ ನಮ್ಮ ಪಕ್ಕದ ಮನೆಯಲ್ಲಿದ್ದ ಆಕೆ ರಾಜಕೀಯಕ್ಕೆ ಇಳಿದದ್ದಕ್ಕೆ ನಾನು ಲಾಕ್‌ಡೌನಿನಲ್ಲಿ ಕದ್ದು ತರಿಸಿದ ಎರಡು ಕಿಲೋ ಬಂಗುಡೆ ಮೀನು ಕಾರಣ ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ, ಯಾಕೆಂದರೆ ಆ ಮೀನು ತಿಂದವನು ನಾನು.

ಪಾಟೀಲರು ಇದನ್ನು ಒಪ್ಪುವುದಿಲ್ಲ. ಅವರು ಹುಬ್ಬಳ್ಳಿಯವರು, ತಾಳೆ ಎಣ್ಣೆ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ಮಲೇಷ್ಯದ ಸುಬಾಂಗ್ ಜಯಾದಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಕಾಂಡೋ ಕಮಿಟಿಗೆ ಎಷ್ಟೋ ವರ್ಷದಿಂದ ಅಧ್ಯಕ್ಷರು. "ಪಿಂಟೋ ಸಾಹೇಬ್ರ, ಮೈಕ್ ಹಿಡದ ಕೈ ಸುಮ್ಮನ ಕುಂದರೂದಿಲ್ರಿ. ಆಕೀಗೆ ಮೈಕ್ ಕೊಟ್ಟಾಂವ ನಾನs. ಕ್ರೆಡಿಟ್ ನಂದು," ಎನ್ನುತ್ತಾರೆ. ಮೈಕು ಕೊಟ್ಟವರು ಅವರೇ, ಅದು ನಿಜ. ಆ ಮೈಕಿಗೆ ಸುಳ್ಳು ಬರೆದುಕೊಟ್ಟವನು ನಾನು. ಅದು ಆಕೆಯ ಎದೆಯಲ್ಲಿ ಮೊದಲೇ ಇದ್ದ ಇನ್ನೊಂದು ಹಳೆಯ ಸುಳ್ಳಿಗೆ ಹೋಗಿ ತಾಗಿತು. ಅದನ್ನು ಸರಿಪಡಿಸದೆ ಬಿಡುವುದಿಲ್ಲ ಎಂದು ಆಕೆ ಊರಿಗೆ ಹೊರಟರು.

ಆಕೆಯ ಹೆಸರನ್ನು ಬರೆಯುವುದಿಲ್ಲ. ಎದುರಿಗಿದ್ದಾಗಲೂ ನಾನು ಆ ಹೆಸರನ್ನು ಉಚ್ಚರಿಸುವ ರೀತಿ ಕೇಳಿ ಆಕೆ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಐರಿನ್ ಅದಕ್ಕೊಂದು ಪರಿಹಾರ ಹುಡುಕಿದಳು. ಮೈಸೂರಿನಲ್ಲಿ ಬೆಳೆದವಳು, ಕೊಂಕಣಿ ಬಾರದು, ಹಾಗಾಗಿ ಮಂಗಳೂರಿನವನಾದ ನಾನೂ ಮನೆಯಲ್ಲಿ ಕನ್ನಡವೇ ಆಡಬೇಕು. ಅವಳು ಇಟ್ಟ ಹೆಸರು ವಾರ್ತಮ್ಮ. ಕೆಲವೇ ದಿನಗಳಲ್ಲಿ ಪಾಟೀಲರೂ ಹಾಗೆಯೇ ಕರೆಯತೊಡಗಿದರು. ಹಾಗೆಂದರೇನು ಎಂದು ಆಕೆ ಕೇಳಿದಾಗ ಐರಿನ್ ಗಂಭೀರವಾಗಿ, "ಗೌರವದ ಹೆಸರು," ಎಂದಳು. ಪೂರ್ತಿ ಸುಳ್ಳೇನಲ್ಲ.

ವಾರ್ತಮ್ಮ ಇಪ್ಪತ್ತು ವರ್ಷ ಸಂಜೆಯ ವಾರ್ತೆ ಓದಿದವರು. ನಲವತ್ತು ದಾಟಿದ ಮೇಲೆ ಚಾನೆಲಿನವರು ಆ ಕುರ್ಚಿಯಲ್ಲಿ ಒಬ್ಬ ಚಿಕ್ಕ ಹುಡುಗಿಯನ್ನು ಕೂರಿಸಿ ಇವರಿಗೆ ಬೆಳಗಿನ ಐದು ಗಂಟೆಯ ಹವಾಮಾನ ಕೊಟ್ಟರಂತೆ. ಆಕೆ ರಾಜೀನಾಮೆ ಕೊಟ್ಟು, ಮಗಳನ್ನು ಇಲ್ಲಿಯ ಇಂಟರ್‌ನ್ಯಾಷನಲ್ ಶಾಲೆಗೆ ಸೇರಿಸಿ, ಗಂಡನನ್ನು ಕೊರಿಯದಲ್ಲೇ ಬಿಟ್ಟು ಬಂದರು. ಹಾಗೆ ಮಕ್ಕಳ ಓದಿಗಾಗಿ ತಾಯಂದಿರು ಮಾತ್ರ ಬಂದು ಇರುವುದು ಆ ಜನರಲ್ಲಿ ಉಂಟು. ಕೊರಿಯದವರು ಗುಂಪಾಗಿ ಇರುವ ಬಡಾವಣೆ ಬಿಟ್ಟು ಸುಬಾಂಗ್ ಜಯಾಕ್ಕೆ ಏಕೆ ಬಂದಿರಿ ಎಂದು ಕೇಳಿದ್ದೆ. ಇಲ್ಲಿ ಯಾರೂ ತರಕಾರಿ ಅಂಗಡಿಯಲ್ಲಿ ನಿಲ್ಲಿಸಿ ಮುಖ ನೋಡುವುದಿಲ್ಲ ಎಂದರು.

ಮುಖ ನೋಡದಿದ್ದರೂ ದನಿ ಕೇಳದಿರುವುದು ಸಾಧ್ಯವಿರಲಿಲ್ಲ. ನಾನು ಮೊದಲು ಕಂಡದ್ದು ಲಿಫ್ಟಿನಲ್ಲಿ. ಗುಂಡಿಯ ಹತ್ತಿರ ನಾನಿದ್ದೆ. ಆಕೆ ಇಂಗ್ಲಿಷಿನಲ್ಲಿ, "ಏಳನೇ ಮಹಡಿ," ಎಂದರು. ಏಳನೇ ಮಹಡಿಯಲ್ಲಿ ಏನೋ ಅನಾಹುತವಾಗಿದೆ, ಮುಂದಿನ ವಿವರಕ್ಕೆ ಕಾಯಬೇಕು ಎಂಬ ಹಾಗಿತ್ತು. ನಮ್ಮ ಮನೆ ಇರುವುದೂ ಅದೇ ಮಹಡಿಯಲ್ಲಿ. ನಾನು ಒಲೆ ಆರಿಸಿ ಬಂದಿದ್ದೇನೋ ಇಲ್ಲವೋ ಎಂದು ಬೆವರಿದೆ.

ಕೈಯಲ್ಲಿ ಕಾಗದವಿಲ್ಲದೆ ಆಕೆಗೆ ಮಾತು ಹೊರಡುತ್ತಿರಲಿಲ್ಲ. ಕೆಳಗಿನ ಮಾಮಕ್ ಅಂಗಡಿಗೆ ತಿಂಡಿ ತಪಾವ್ ಕಟ್ಟಿಸಿಕೊಳ್ಳಲು ಹೋದರೂ ಬೇಕಾದ್ದನ್ನು ಚೀಟಿಯಲ್ಲಿ ಬರೆದು, ಚೀಟಿಗಳ ಅಂಚನ್ನು ಕಟ್ಟೆಯ ಮೇಲೆ ಎರಡು ಸಲ ತಟ್ಟಿ ಸಮ ಮಾಡಿ, ಗಂಟಲು ಸರಿಪಡಿಸಿಕೊಂಡು ಓದುವರು: ರೊಟ್ಟಿ ಚನಾಯ್ ಎರಡು, ಬೇಳೆ ಸಾರು ಪ್ರತ್ಯೇಕ. ಒಂದೇ ಚೀಟಿ ಇದ್ದರೂ ತಟ್ಟುವುದು ತಪ್ಪದು. ಅಂಗಡಿಯ ತಮಿಳು ಮುಸ್ಲಿಂ ಯಜಮಾನ ಕೈಕಟ್ಟಿ ನಿಂತು ಪೂರ್ತಿ ಕೇಳಿ, "ಅಕ್ಕಾ, ನ್ಯೂಸ್ ಮುಡಿಂಜಿದಾ?" ಎಂದು ಕೇಳಿ, ವಾರ್ತೆ ಮುಗಿಯಿತೆಂದು ಖಚಿತವಾದ ಮೇಲೆಯೇ ಒಳಗೆ ಆರ್ಡರ್ ಕೂಗುತ್ತಿದ್ದ.

ಇನ್ನೊಂದು ರೋಗ, ಯಾವುದರ ಬಗ್ಗೆಯೂ ಅಭಿಪ್ರಾಯ ಹೇಳದಿರುವುದು. ಒಂದು ಭಾನುವಾರ ಐರಿನ್ ಹಂದಿ ಮಾಂಸದ ಬಫಾತ್ ಮತ್ತು ಇಡ್ಲಿಯಂಥ ಸನ್ನ ಮಾಡಿ ತಾಯಿ ಮಗಳನ್ನು ಊಟಕ್ಕೆ ಕರೆದಳು. ಮಂಗಳೂರು ಕ್ರಿಶ್ಚಿಯನರ ಮನೆಯಲ್ಲಿ ಅದಕ್ಕಿಂತ ಮೇಲಿನ ಮರ್ಯಾದೆ ಇಲ್ಲ. ಮೈಸೂರಿನವಳಾದ ಐರಿನ್ ಅದನ್ನು ನನ್ನ ತಾಯಿಯ ಬೈಗುಳ ತಿಂದು ಕಲಿತಿದ್ದಳು. ಬಡಿಸಿ, ಹೇಗಿದೆ ಎಂದು ಕೇಳಿದಳು. ವಾರ್ತಮ್ಮ ಚಮಚ ಕೆಳಗಿಟ್ಟು, "ಈ ಬಗ್ಗೆ ಪರ ಮತ್ತು ವಿರೋಧ ಅಭಿಪ್ರಾಯಗಳು ವ್ಯಕ್ತವಾಗಿವೆ," ಎಂದರು. ಮೇಜಿನ ಸುತ್ತ ಇದ್ದವರು ಐದೇ ಜನ. ವಿರೋಧ ವ್ಯಕ್ತಪಡಿಸಿದವರು ಯಾರು ಎಂದು ಐರಿನ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಕೆ ಮಾತ್ರ ಮೂರು ಸಲ ಬಡಿಸಿಕೊಂಡರು. ಅವರು ಹೋದ ಮೇಲೆ ಐರಿನ್ ಪಾತ್ರೆ ತೊಳೆಯುತ್ತಾ, "ಚೆನ್ನಾಗಿದೆ ಅನ್ನಕ್ಕೂ ಯಾರಾದ್ರೂ ಬರ್ಕೊಡಬೇಕೇನ್ರೀ ಇವ್ರಿಗೆ?" ಎಂದಳು. ನಮ್ಮ ಮಗಳು ರಿಯಾ, "ಮಮ್ಮೀ, ಶೀ ಹ್ಯಾಡ್ ತ್ರೀ ಹೆಲ್ಪಿಂಗ್ಸ್ ಲಾ. ದಟ್ಸ್ ಹರ್ ಒಪೀನಿಯನ್," ಎಂದು ವಾದಿಸಿದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಇಲ್ಲಿ ಬೆಳೆದ ಮಕ್ಕಳ ಪದ್ಧತಿ.

ಆಮೇಲೆ ಸೋಂಕು ಬಂತು, ಬಾಗಿಲು ಹಾಕಿದರು. ಮನೆಗೊಬ್ಬರು ಮಾತ್ರ ಸಾಮಾನಿಗೆ ಹೊರಗೆ ಹೋಗಬಹುದು, ರಸ್ತೆಯ ತುಂಬ ಪೊಲೀಸರ ತಡೆ. ಕ್ಲಾಂಗ್ ಬಂದರಿನಲ್ಲಿ ಯಾರ್ಡಿನವರನ್ನು ಬಿಟ್ಟು ಉಳಿದವರನ್ನೆಲ್ಲ ಮನೆಗೆ ಕಳಿಸಿದರು. ಅಲ್ಲಿಯ ಹಡಗು ಕಂಪನಿಯೊಂದರ ಕಾಗದಪತ್ರ ವಿಭಾಗ ನೋಡಿಕೊಳ್ಳುವ ನಾನು ಊಟದ ಮೇಜಿನ ಮೇಲೆ ಕುಳಿತು ಕಂಟೈನರುಗಳ ಲೆಕ್ಕ ಬರೆಯತೊಡಗಿದೆ. ಕಮಿಟಿ ನಿವಾಸಿಗಳನ್ನೆಲ್ಲ ಸೇರಿಸಿ ನಡೆಸುವ ಸಭೆಗಳು ಕಂಪ್ಯೂಟರಿನ ಪರದೆಗೆ ಬಂದವು. ಅದರಲ್ಲಿ ವಾರ್ತಮ್ಮ ನೀಲಿ ಕೋಟು, ಮುತ್ತಿನ ಓಲೆ, ಒಂದು ಕೂದಲೂ ಅಲುಗದ ತಲೆಗೂದಲಿನಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಎಲ್ಲರೂ ನಾಚಿಕೊಂಡು ಬನಿಯನ್ನಿನ ಮೇಲೆ ಅಂಗಿ ಹಾಕಲು ಕಲಿತೆವು. ಒಂದು ದಿನ ಸಭೆಯ ನಡುವೆ ಬೆಂಕಿಯ ಅಲಾರಾಂ ತಪ್ಪಾಗಿ ಕೂಗಿ ಎಲ್ಲರೂ ಕೆಳಗೆ ಓಡಬೇಕಾಯಿತು. ಆಗ ನೋಡಿದರೆ ನೀಲಿ ಕೋಟಿನ ಕೆಳಗೆ ಬಾತುಕೋಳಿ ಚಿತ್ರದ ಚಡ್ಡಿ, ಹವಾಯಿ ಚಪ್ಪಲಿ. ಆಕೆಗೆ ಸ್ವಲ್ಪವೂ ಮುಜುಗರವಿಲ್ಲ. "ಕ್ಯಾಮೆರಾಕ್ಕೆ ಕಾಣುವಷ್ಟು ಭಾಗ ಮಾತ್ರ ಕೆಲಸದಲ್ಲಿದೆ, ಮಿಸ್ಟರ್ ಪಿಂಟೋ. ಉಳಿದದ್ದು ಇಪ್ಪತ್ತು ವರ್ಷದಿಂದ ರಜೆಯಲ್ಲಿದೆ," ಎಂದರು.

ಪಾಟೀಲರು ಆಕೆಗೆ ಮೈಕು ಕೊಟ್ಟದ್ದು ಆ ದಿನಗಳಲ್ಲೇ. ದಿನಕ್ಕೊಂದು ನಿಯಮ ಬದಲಾಗುತ್ತಿತ್ತು. ಕಟ್ಟಡದ ಮ್ಯಾನೇಜರ್ ಅದನ್ನು ಕೆಳಗಿನ ತನ್ನ ಕಚೇರಿಯಿಂದ ಮೂರೂ ಬ್ಲಾಕಿನ ಸ್ಪೀಕರುಗಳಲ್ಲಿ ಹೇಳಿದರೆ ಬಸ್ ಸ್ಟ್ಯಾಂಡಿನ ಕೂಗಿನಂತೆ ಕೇಳುತ್ತಿತ್ತೇ ಹೊರತು ಒಂದಕ್ಷರ ತಿಳಿಯುತ್ತಿರಲಿಲ್ಲ. ಹಾಗಾಗಿ ಬರೆಯುವುದು ನಾನು, ಓದುವುದು ವಾರ್ತಮ್ಮ, ಸಮಯ ಸಂಜೆ ಆರು ಗಂಟೆ ಎಂದು ತೀರ್ಮಾನವಾಯಿತು. ಬಿ ಬ್ಲಾಕಿನ ಎರಡನೇ ಲಿಫ್ಟ್ ಕೆಟ್ಟಿದೆ. ಕಸ ಹಾಕುವ ಸಮಯ ಬದಲಾಗಿದೆ. ನಾಳೆ ಮಧ್ಯಾಹ್ನ ಮಳೆ ಬರಬಹುದು, ಬಟ್ಟೆ ಹೊರಗೆ ಒಣಗಲು ಹಾಕಬೇಡಿ. ಇಷ್ಟೇ. ಆದರೆ ಆ ದನಿಯಲ್ಲಿ ಲಿಫ್ಟು ಕೆಟ್ಟದ್ದೂ ದೇಶದ ಸುದ್ದಿಯಾಗುತ್ತಿತ್ತು. ಆರಕ್ಕೆ ಐದು ನಿಮಿಷ ಇರುವಾಗಲೇ ಜನ ಚಹಾ ಹಿಡಿದು ಬಾಲ್ಕನಿಗೆ ಬರುತ್ತಿದ್ದರು. ಮಲಯ್ ಭಾಷೆಯಲ್ಲೂ ಓದಿದರು. ಆ ಭಾಷೆ ಒಂದು ಪದವೂ ಬಾರದು, ಆದರೂ ಎಷ್ಟು ಸ್ವಚ್ಛ ಉಚ್ಚಾರವೆಂದರೆ ಮೂರನೇ ಮಹಡಿಯ ಮಲಯ್ ಅಜ್ಜಿ ಸಿಕ್ಕಲ್ಲೆಲ್ಲ ನಿಲ್ಲಿಸಿ ತನ್ನ ಮಂಡಿ ನೋವಿನ ಕಥೆ ಹೇಳುತ್ತಿದ್ದಳು. ಆಕೆ ಎಲ್ಲದಕ್ಕೂ ತಲೆದೂಗುತ್ತಿದ್ದರು.

ಅರ್ಥವಾಗದ್ದನ್ನೂ ಅಷ್ಟು ಚೆನ್ನಾಗಿ ಓದಬಲ್ಲವರು ಅರ್ಥವಾಗುವ ಸುಳ್ಳನ್ನು ಹೇಗೆ ಓದಬಹುದು ಎಂದು ನಾನು ಯೋಚಿಸಬೇಕಿತ್ತು.

ನಮ್ಮ ಗೇಟಿನಲ್ಲಿ ಟೇಕ್ ಎಂಬ ನೇಪಾಳಿ ಕಾವಲುಗಾರನಿದ್ದ. ಗೇಟಿನ ಪಕ್ಕದ ಕೋಣೆಯಲ್ಲೇ ಅವನ ವಾಸ. ಲಾಕ್‌ಡೌನಿನಲ್ಲಿ ಕಾವಲಿನವರು ಆವರಣ ಬಿಟ್ಟು ಹೋಗಬಾರದು ಎಂದು ಅವರ ಏಜೆನ್ಸಿಯ ಕಟ್ಟಪ್ಪಣೆ. ಆಗ ನಮಗೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ. ಶುಕ್ರವಾರ ಮಾಂಸ ಮುಟ್ಟುವಂತಿಲ್ಲ. ಮಾಂಸ ಬಿಟ್ಟ ಪುಣ್ಯಾತ್ಮನಿಗೆ ಮೀನಾದರೂ ಬೇಡವೇ? ಸೂಪರ್ ಮಾರ್ಕೆಟಿನ ಮಂಜುಗಡ್ಡೆಯ ಮೀನು ತಿಂದು ತಿಂದು ನಾಲಿಗೆ ಕೆಟ್ಟಿತ್ತು. ಬಂದರಿನ ಪರಿಚಯದ ಲಾರಿಯವನೊಬ್ಬ ತಾಜಾ ಬಂಗುಡೆ ತಂದು ನಮ್ಮಿಂದ ಎರಡು ಕಿಲೋಮೀಟರಿನ ಪೆಟ್ರೋಲ್ ಬಂಕಿನ ಹತ್ತಿರ ಕೊಡುತ್ತೇನೆಂದ. ನಾನು ಹೋದರೆ ಪೊಲೀಸರು ಹಿಡಿಯುತ್ತಾರೆ, ಯೂನಿಫಾರ್ಮಿನವನನ್ನು ಕೇಳುವುದಿಲ್ಲ. ಟೇಕ್‌ನ ಹತ್ತಿರ ಹೋಗಿ ಹಲ್ಲು ಗಿಂಜಿದೆ. ಅವನಿಗೆ ಇಷ್ಟವಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಆದರೆ ಏಳನೇ ಮಹಡಿಯ ಸಾಹೇಬ, ಅದರ ಮೇಲೆ ಕಮಿಟಿ ಮೆಂಬರು. ನಡೆದು ಹೋಗಿ ತಂದುಕೊಟ್ಟ. ಐರಿನ್ ಅರ್ಧ ಹುರಿದಳು, ಅರ್ಧ ಫ್ರೀಜರಿಗೆ ಹಾಕಿದಳು.

ಆ ಭಾನುವಾರ ಎ ಬ್ಲಾಕಿನ ಚೀನಿ ಅಂಕಲ್ ಒಬ್ಬರನ್ನು ಆಂಬುಲೆನ್ಸ್ ಬಂದು ಒಯ್ದಿತು. ನಮ್ಮ ಕಟ್ಟಡದಲ್ಲಿ ಅದೇ ಮೊದಲ ಸೋಂಕು. ಜನ ಹೆದರಿ, ಎಲ್ಲಿಂದ ಬಂತು, ಯಾರು ತಂದರು ಎಂದು ಕಮಿಟಿಯ ಫೋನಿಗೆ ಬೆಂಕಿ ಹಚ್ಚಿದರು. ಕಾವಲಿನವರನ್ನೆಲ್ಲ ಪರೀಕ್ಷೆಗೆ ಕಳಿಸಿದ್ದಾಯಿತು. ಸೋಮವಾರ ಪಾಟೀಲರು ಫೋನು ಮಾಡಿದರು.

"ಸಾಹೇಬ್ರ, ಆ ಟೇಕ್ ಶುಕ್ರವಾರ ಕೇಳದ ಹೊರಗ ಹೋಗಿದ್ನಂತ. ಸಿಸಿಟೀವಿಯೊಳಗ ಐತಿ. ಅವನs ತಂದಾನ್ರಿ ಇದನ್ನ."

"ಪರೀಕ್ಷೆಯ ಫಲಿತಾಂಶ ಬರಲಿ ಅಲ್ವ?" ಎಂದೆ.

"ಅದು ಬರೂತನಕ ಜನಾ ನಮ್ಮನ್ನ ಹರದು ತಿಂತಾರ. ಏನರ ಒಂದ್ ಹೇಳಬೇಕಲ್ರಿ. ನೀವು ಬರೀರಿ, ಆಕೀ ಓದ್ಲಿ."

ಟೇಕ್ ಎಲ್ಲಿಗೆ ಹೋಗಿದ್ದ, ಯಾರಿಗಾಗಿ ಹೋಗಿದ್ದ ಎಂದು ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ. ಕುಳಿತು ಬರೆದೆ: ಅನುಮತಿ ಇಲ್ಲದೆ ಹೊರಗೆ ಹೋಗಿದ್ದ ಕಾವಲುಗಾರನಿಂದ ಸೋಂಕು ಕಟ್ಟಡವನ್ನು ಪ್ರವೇಶಿಸಿದೆ, ಕ್ರಮ ಕೈಗೊಳ್ಳಲಾಗಿದೆ. ಅನುಮತಿ ಇರಲಿಲ್ಲ ಎಂಬುದು ನಿಜವೇ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತೈದು ವರ್ಷ ಹಡಗಿನ ಕಾಗದ ಬರೆದವನಿಗೆ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ಯಾರೂ ಕಲಿಸಬೇಕಾಗಿಲ್ಲ.

ಆರು ಗಂಟೆಗೆ ವಾರ್ತಮ್ಮ ಓದಿದರು. ಮ್ಯಾನೇಜರ್ ಹೇಳಿದ್ದರೆ ಅರ್ಧ ಜನ ನಂಬುತ್ತಿರಲಿಲ್ಲ. ಆ ದನಿ ಹೇಳಿದ ಮೇಲೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಏಳು ಗಂಟೆಯೊಳಗೆ ಏಜೆನ್ಸಿಯ ವ್ಯಾನು ಬಂತು. ಟೇಕ್ ಒಂದು ಚೀಲ, ಒಂದು ಅನ್ನದ ಕುಕ್ಕರು ಹಿಡಿದು ಹತ್ತಿದ. ಬಾಲ್ಕನಿಗಳಿಂದ ಕೆಲವರು ಕೂಗಾಡಿದರು. ನಾನು ಪರದೆಯ ಹಿಂದೆ ನಿಂತು ನೋಡಿದೆ. ಅವನ ಪರ್ಮಿಟ್ ಆ ಕೆಲಸಕ್ಕೇ ಕಟ್ಟಿದ್ದು. ಏಜೆನ್ಸಿ ತೆಗೆದುಹಾಕಿದರೆ ವಿಮಾನ ಶುರುವಾದ ದಿನ ಊರಿಗೆ ಅಟ್ಟುತ್ತಾರೆ. ಅಷ್ಟು ಹೊತ್ತೂ ಅವನು ಮೀನಿನ ವಿಷಯ ಬಾಯಿಬಿಟ್ಟಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ, ಈಗ ನೆನೆದರೆ ಅದೇ ಹೆಚ್ಚು ನಾಚಿಕೆ ಹುಟ್ಟಿಸುತ್ತದೆ.

ಗುರುವಾರ ಫಲಿತಾಂಶ ಬಂತು. ಟೇಕ್‌ಗೆ ಸೋಂಕೇ ಇರಲಿಲ್ಲ. ಆ ಅಂಕಲ್ ದಿನಾ ಮಧ್ಯಾಹ್ನ ಸಿ ಬ್ಲಾಕಿಗೆ ಕದ್ದು ಮಾಜೋಂಗ್ ಆಡಲು ಹೋಗುತ್ತಿದ್ದರಂತೆ, ಆಟಕ್ಕೆ ಕೂತ ನಾಲ್ವರಿಗೂ ಇತ್ತು. ಪಾಟೀಲರು, "ಆತು ಬಿಡ್ರಿ, ಹಿಂದಿಂದು ಕೆದಕೂದು ಬ್ಯಾಡ," ಎಂದರು. ನನಗೆ ಅದಕ್ಕಿಂತ ಒಳ್ಳೆಯ ಸಲಹೆ ಬೇಕಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಾಗಿಲು ತಟ್ಟಿತು. ವಾರ್ತಮ್ಮ ಮಾಸ್ಕ್ ಹಾಕಿಕೊಂಡು ಎರಡು ಮೀಟರ್ ದೂರ ನಿಂತಿದ್ದರು. ಕೈಯಲ್ಲಿ ಸೋಮವಾರದ ಹಾಳೆ.

"ಮಿಸ್ಟರ್ ಪಿಂಟೋ, ಈ ಸುದ್ದಿಯ ಮೂಲ ಯಾವುದು?"

ನಾನು ಕಮಿಟಿ, ಸಿಸಿಟೀವಿ, ಮ್ಯಾನೇಜರ್ ಎಂದೇನೋ ತೊದಲಿದೆ. ಐರಿನ್ ಒಳಗೆ ಫ್ರೀಜರಿನ ಬಂಗುಡೆ ಹುರಿಯುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು, ನಾಲ್ಕು ದಿನದಿಂದ ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ಸೌಟು ಹಿಡಿದೇ ಹೊರಗೆ ಬಂದು, ಆಕೆಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದಳು. "ಮೂಲ ಒಳಗೆ ಕಾವಲಿ ಮೇಲಿದೆ, ಬಂದು ನೋಡಿ. ಇವರೇ ಅವನನ್ನು ಮೀನಿಗೆ ಕಳಿಸಿದ್ದು." ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಶುಕ್ರವಾರದ ಉಪವಾಸವಂತೆ. ಥೂ ನಿಮ್ಮ," ಎಂದು ಒಳಗೆ ಹೋದಳು.

ವಾರ್ತಮ್ಮ ಬೈಯಲಿಲ್ಲ. ತಮ್ಮ ಕಸುಬಿನ ನಿಯಮ ಹೇಳಿದರು. ತಪ್ಪು ಸುದ್ದಿ ಯಾವ ಹೊತ್ತಿಗೆ ಹೋಯಿತೋ ಅದೇ ಹೊತ್ತಿಗೆ, ಅದೇ ಜಾಗದಿಂದ, ಅದೇ ದನಿಯಲ್ಲಿ ತಿದ್ದುಪಡಿ ಹೋಗಬೇಕು. "ನೀವು ಬರೆಯಿರಿ, ನಾನು ಓದುತ್ತೇನೆ. ಇವತ್ತು ಆರಕ್ಕೆ," ಎಂದರು. ನಾನು ಬರೆದೆ: ಹಿಂದಿನ ಪ್ರಕಟಣೆಯ ಬಗ್ಗೆ ಕೆಲವು ತಪ್ಪು ತಿಳಿವಳಿಕೆಗಳು ಉಂಟಾಗಿದ್ದು, ಕಮಿಟಿ ವಿಷಾದಿಸುತ್ತದೆ. ಆಕೆ ಓದಿ ವಾಪಸು ಕೊಟ್ಟರು. "ಇದರಲ್ಲಿ ಟೇಕ್ ಇಲ್ಲ. ನೀವೂ ಇಲ್ಲ. ಮೀನೂ ಇಲ್ಲ." ಎರಡನೆಯದನ್ನೂ ವಾಪಸು ಕೊಟ್ಟರು. ಮೂರನೆಯದನ್ನು ನಾನು ಬರೆಯಲಿಲ್ಲ. ಇಷ್ಟು ವರ್ಷ ಇಲ್ಲಿ ಮಾನವಾಗಿ ಬದುಕಿದ್ದೇನೆ, ಒಂದು ಮೀನಿಗೆ ಮೂರು ಬ್ಲಾಕಿನ ಎದುರು ಮರ್ಯಾದೆ ಕಳೆದುಕೊಳ್ಳಲೇ ಎಂದು ಕೇಳಿದೆ.

ಆಗ ಆಕೆ ನಮ್ಮ ಹೊಸ್ತಿಲಾಚೆ ನಿಂತೇ ಒಂದು ವಿಷಯ ಹೇಳಿದರು. ಹಲವು ವರ್ಷಗಳ ಹಿಂದೆ ಒಂದು ಸಣ್ಣ ಊರಿನ ನೂಡಲ್ ಅಂಗಡಿಯವನ ಬಗ್ಗೆ ಸುದ್ದಿ ಓದಿದ್ದರು. ಕೆಟ್ಟ ಮಾಂಸ ಬಡಿಸಿ ಶಾಲೆಯ ಮಕ್ಕಳಿಗೆ ಕಾಯಿಲೆ ತಂದ ಎಂದು. ಇಪ್ಪತ್ತು ಸೆಕೆಂಡಿನ ಸುದ್ದಿ. ಮಕ್ಕಳಿಗೆ ಕಾಯಿಲೆ ಬಂದದ್ದು ಶಾಲೆಯ ನೀರಿನಿಂದ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಆ ಮನುಷ್ಯ ಬಂದು ಟೀವಿ ಕಚೇರಿಯ ಗೇಟಿನ ಮುಂದೆ ಒಂದು ಫಲಕ ಹಿಡಿದು ಮೂರು ದಿನ ಒಬ್ಬನೇ ನಿಂತಿದ್ದ.

"ತಿದ್ದುಪಡಿಯನ್ನು ಯಾರೂ ಬರೆದುಕೊಡಲಿಲ್ಲ. ಬರೆದುಕೊಡಲಿಲ್ಲ ಎಂದು ನಾನು ಓದಲಿಲ್ಲ. ಮೂರು ದಿನವೂ ಕಾರಿನ ಕಿಟಕಿ ಏರಿಸಿಕೊಂಡು ಅವನ ಮುಂದೆಯೇ ಹೋದೆ," ಎಂದರು. ದನಿ ವಾರ್ತೆಯದಾಗಿರಲಿಲ್ಲ. ಯಾವುದೋ ಸಾಧಾರಣ ಹೆಂಗಸಿನ ದನಿ, ಸ್ವಲ್ಪ ಒಡಕು. ನಾನು ಆದರೂ ಬರೆಯಲಿಲ್ಲ.

ಆರು ಗಂಟೆಗೆ ಸ್ಪೀಕರು ಗರ್ ಎಂದಿತು. ಹಾಳೆ ತಟ್ಟುವ ಸದ್ದು ಬರಲಿಲ್ಲ. ಆಮೇಲೆ ಮುರುಕು ಇಂಗ್ಲಿಷಿನಲ್ಲಿ, ನಡುನಡುವೆ ಪದ ಹುಡುಕುತ್ತಾ ಆಕೆ ಮಾತಾಡಿದರು. ಬರೆದುಕೊಟ್ಟ ಇಂಗ್ಲಿಷು ಇಲ್ಲದಿದ್ದರೆ ಆಕೆಯ ಇಂಗ್ಲಿಷು ಇಷ್ಟೇ ಎಂದು ಅವತ್ತು ಎಲ್ಲರಿಗೂ ತಿಳಿಯಿತು. "ಸೋಮವಾರ ನಾನು ಓದಿದ್ದು ತಪ್ಪು. ಟೇಕ್ ಕಾಯಿಲೆ ತರಲಿಲ್ಲ. ಟೇಕ್ ಹೊರಗೆ ಹೋದದ್ದು ಈ ಕಟ್ಟಡದ ಒಬ್ಬರ ಕೆಲಸಕ್ಕೆ. ಓದುವ ಮುಂಚೆ ನಾನು ಕೇಳಲಿಲ್ಲ. ನನ್ನ ತಪ್ಪು. ಬರೆದವರು ಈಗ ಬಂದು ಉಳಿದದ್ದನ್ನು ಹೇಳುತ್ತಾರೆ. ಕಾಯಿರಿ."

ಅಷ್ಟೇ. ಮೈಕು ಆರಿಸಲಿಲ್ಲ. ಮೂರು ಬ್ಲಾಕಿಗೂ ಸ್ಪೀಕರಿನ ಗುಂಯ್ ಸದ್ದು, ಆಕೆಯ ಉಸಿರಾಟ. ಬಾಲ್ಕನಿಗಳಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ರೇಡಿಯೋ ಟೀವಿಯವರಿಗೆ ಎರಡು ಸೆಕೆಂಡ್ ಮೌನವೂ ಅಪರಾಧವಂತೆ. ಆಕೆ ನಿಮಿಷಗಟ್ಟಲೆ ಕೂತರು. ಐರಿನ್ ನನ್ನ ಚಪ್ಪಲಿ ತಂದು ಕಾಲ ಬಳಿ ಇಟ್ಟಳು. ಲಿಫ್ಟು ಬರಲಿಲ್ಲ. ಲುಂಗಿ ಎತ್ತಿ ಕಟ್ಟಿ ಏಳು ಮಹಡಿ ಇಳಿದೆ. ಮೂರನೇ ಮಹಡಿಯಲ್ಲಿ ಮಲಯ್ ಅಜ್ಜಿ ಬಾಗಿಲು ತೆರೆದು ನೋಡಿ ಬಾಗಿಲು ಹಾಕಿಕೊಂಡಳು. ಮ್ಯಾನೇಜರನ ಕಚೇರಿ ತಲುಪಿದಾಗ ಏದುಸಿರು. ಮೈಕಿನಲ್ಲಿ ಎಲ್ಲಕ್ಕಿಂತ ಮೊದಲು ಹೋದದ್ದು ಅದೇ.

"ಬಿ ಬ್ಲಾಕ್, ಏಳನೇ ಮಹಡಿ, ಪಿಂಟೋ. ಟೇಕ್‌ನನ್ನು ಹೊರಗೆ ಕಳಿಸಿದವನು ನಾನು. ಮೀನು ತರಲು. ಗೊತ್ತಿದ್ದೂ ಅದನ್ನು ಬರೆದೆ," ಎಂದೆ. ಹೊರಗೆ ಯಾವುದೋ ಬಾಲ್ಕನಿಯಿಂದ, ಯಾವ ಮೀನು ಎಂದು ಒಬ್ಬ ಕೂಗಿ ಕೇಳಿದ. ಕೆಂಬೂಂಗ್, ಎಂದೆ, ಬಂಗುಡೆಗೆ ಇಲ್ಲಿ ಹಾಗೆನ್ನುತ್ತಾರೆ. ಜನ ನಕ್ಕರು. ವಾರ್ತಮ್ಮ ನಗಲಿಲ್ಲ. ಮೈಕು ತೆಗೆದುಕೊಂಡು, ನಾಳೆ ಮಧ್ಯಾಹ್ನ ಮಳೆ ಬರಬಹುದು ಎಂದು ಹೇಳಿ ಆರಿಸಿದರು.

ಟೇಕ್ ಎರಡು ವಾರದ ಮೇಲೆ ವಾಪಸು ಬಂದ. ಪಾಟೀಲರೇ ಏಜೆನ್ಸಿಯವರ ಜೊತೆ ಜಗಳಾಡಿ ಕರೆಸಿದರು, ಕ್ರೆಡಿಟ್ ಅವರದೇ. ನಾನು ಕ್ಷಮೆ ಕೇಳಿದೆ. ಓಕೆ ಸರ್ ಎಂದ. ಊಟಕ್ಕೆ ಕರೆದೆ. ಈಗ ಮೀನು ಮಾಂಸ ಬಿಟ್ಟಿದ್ದೇನೆ ಸರ್ ಎಂದ. ಮರುದಿನ ಗೇಟಿನಲ್ಲಿ ಕುಳಿತು ಕೋಳಿ ಕಾಲು ಚೀಪುತ್ತಿದ್ದ, ನನ್ನನ್ನು ನೋಡಿಯೂ ಮುಚ್ಚಿಡಲಿಲ್ಲ.

ಆ ಸಂಜೆಯ ತಿದ್ದುಪಡಿಯನ್ನು ಯಾರೋ ಬಾಲ್ಕನಿಯಿಂದ ಫೋನಿನಲ್ಲಿ ಹಿಡಿದಿದ್ದರು. ಅದು ಇಲ್ಲಿಯ ಕೊರಿಯನ್ ತಾಯಂದಿರ ಗುಂಪಿಗೆ ಹೋಗಿ, ಅಲ್ಲಿಂದ ಕೊರಿಯಕ್ಕೆ ಹೋಗಿ, ಹಳೆಯ ವಾರ್ತಾವಾಚಕಿ ಮಲೇಷ್ಯದಲ್ಲಿ ತಪ್ಪು ಒಪ್ಪಿಕೊಂಡಳು ಎಂದು ಹಬ್ಬಿತು. ಒಂದು ಪಕ್ಷದವರ ಕಿವಿಗೂ ಬಿತ್ತು. ಪ್ರಾಮಾಣಿಕ ಮುಖವೊಂದನ್ನು ಅವರು ಹುಡುಕುತ್ತಿದ್ದರಂತೆ. ರಾಜಧಾನಿಯಲ್ಲಿ ಗೆಲ್ಲುವಂಥ ಕ್ಷೇತ್ರವನ್ನೇ ಕೊಡುತ್ತೇವೆ ಎಂದರು. ಎರಡನೇ ವರ್ಷದ ಲಾಕ್‌ಡೌನುಗಳ ನಡುವೆ ಆಕೆ ಹೊರಡುವ ಮುಂಚೆ ನಮ್ಮ ಮನೆಗೆ ಬಂದು, "ಅಲ್ಲಿ ಭಾಷಣ ಬರೆದುಕೊಡಲು ಆರು ಜನ ಇದ್ದಾರಂತೆ," ಎಂದರು. ರಾಜಧಾನಿ ಬೇಡವೆಂದು ಹೇಳಿ, ನೂಡಲ್ ಅಂಗಡಿಯವನ ಊರನ್ನು ಕೇಳಿದ್ದೇನೆ ಎಂದೂ ಹೇಳಿದರು. ಅಲ್ಲಿ ಆ ಪಕ್ಷ ಯಾವ ಕಾಲಕ್ಕೂ ಗೆದ್ದಿರಲಿಲ್ಲ. ಪಕ್ಷದವರಿಗೆ ತಲೆ ಕೆಟ್ಟಿತ್ತು. ಐರಿನ್ ಆಕೆಯನ್ನು ತಬ್ಬಿಕೊಂಡು ಅತ್ತಳು. ದೂರ ಅಂತರ ಎಲ್ಲ ಮರೆತಿದ್ದಳು.

ಪ್ರಚಾರದ ವಿಡಿಯೋಗಳನ್ನು ವಾರ್ತಮ್ಮನ ಮಗಳು ಕಳಿಸುತ್ತಿದ್ದಳು. ಅಲ್ಲಿಯ ಅಭ್ಯರ್ಥಿಗಳು ಬಣ್ಣದ ಜಾಕೆಟ್ ಹಾಕಿ, ಬೆನ್ನಿಗೆ ದೊಡ್ಡ ನಂಬರು ಹಚ್ಚಿಕೊಂಡು, ಬಿಳಿ ಕೈಗವಸು ತೊಟ್ಟು ವೃತ್ತದಲ್ಲಿ ಹಾಡಿಗೆ ಕುಣಿಯಬೇಕು, ಹೋಗಿಬರುವ ಕಾರುಗಳಿಗೆಲ್ಲ ನಡು ಬಗ್ಗಿಸಿ ನಮಸ್ಕರಿಸಬೇಕು. ಇಪ್ಪತ್ತು ವರ್ಷ ರಜೆಯಲ್ಲಿದ್ದ ಆಕೆಯ ಕೆಳಭಾಗಕ್ಕೆ ಕೆಲಸ ಬಿತ್ತು. ಎಲ್ಲರ ಎಡಗಾಲು ಮುಂದೆ ಹೋದಾಗ ಇವರದು ಬಲಗಾಲು. ಪಾಟೀಲರು ನೋಡಿ, "ನಮ್ಮ ಹುಬ್ಬಳ್ಳ್ಯಾಗ ಹಿಂಗ ಕುಣಿದ್ರ ಡಿಪಾಜಿಟ್ ಹೋಗ್ತದ್ರಿ," ಎಂದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

ಮೊದಲ ಭಾಷಣದ ದಿನ ಆರು ಜನ ಬರೆದ ಭಾಷಣವನ್ನು ಆಕೆ ಪಕ್ಕಕ್ಕಿಟ್ಟರಂತೆ. ಆ ಊರಿನ ವೃತ್ತದಲ್ಲಿ ನಿಂತು, ಇಂಥ ವರ್ಷ ಇಂಥ ಅಂಗಡಿಯ ಬಗ್ಗೆ ನಾನು ಓದಿದ ಸುದ್ದಿ ಸುಳ್ಳು, ಆ ಮನುಷ್ಯನ ಮಾಂಸದಲ್ಲಿ ಏನೂ ಕೆಟ್ಟಿರಲಿಲ್ಲ, ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ ಎಂದು ಹೇಳಿದರು. ಪಕ್ಷದವನೊಬ್ಬ ಸ್ಪೀಕರಿನ ವೈರು ಕೀಳಲು ಓಡಿದ, ಅಷ್ಟರಲ್ಲಿ ಮುಗಿದಿತ್ತು. ಎದುರಾಳಿಗೆ ಬೇರೆ ಪ್ರಚಾರವೇ ಬೇಕಾಗಲಿಲ್ಲ. ಸುಳ್ಳು ಓದಿದ್ದೇನೆಂದು ತಾನೇ ಒಪ್ಪಿಕೊಂಡವಳಿಗೆ ಓಟು ಹಾಕುತ್ತೀರಾ ಎಂದು ಊರ ತುಂಬ ಬ್ಯಾನರು ಕಟ್ಟಿದ. ವಾರ್ತಮ್ಮ ಹೀನಾಯವಾಗಿ ಸೋತರು.

ಅಲ್ಲಿ ಸೋತವರು ಮರುದಿನವೂ ರಸ್ತೆಗೆ ಬರಬೇಕಂತೆ. ಅದೇ ವೃತ್ತದಲ್ಲಿ, ಧನ್ಯವಾದ ಎಂದು ಬರೆದ ಫಲಕ ಹಿಡಿದು, ಓಟು ಕೊಡದವರಿಗೂ ನಡು ಬಗ್ಗಿಸಬೇಕು. ಆ ಸಂಜೆ ಆಕೆಯೇ ನನಗೆ ಫೋನು ಮಾಡಿದರು. ಪಕ್ಷದವರು ಯಾರೂ ಬಂದಿರಲಿಲ್ಲ, ಬೆಳಗಿನಿಂದ ಒಬ್ಬರೇ ನಿಂತಿದ್ದರಂತೆ. ಮಧ್ಯಾಹ್ನ ಒಬ್ಬ ಮುದುಕ ಸೈಕಲ್ಲು ತಳ್ಳಿಕೊಂಡು ಬಂದು ಎದುರಿಗೆ ನಿಂತ. ಆಕೆ ಗುರುತು ಹಿಡಿದರು, ಕಾರಿನ ಕಿಟಕಿಯಿಂದ ಮೂರು ದಿನ ಕಂಡಿದ್ದ ಮುಖ.

"ಏನೆಂದ?" ಎಂದು ಕೇಳಿದೆ.

"ನೀವು ಹೇಳಿದ್ದನ್ನು ಪೂರ್ತಿ ಕೇಳಿದೆ, ಎಲ್ಲ ಸರಿಯಾಗಿತ್ತು ಎಂದ. ಆದರೆ ಓಟು ಇನ್ನೊಬ್ಬನಿಗೆ ಹಾಕಿದೆ, ಅವನು ನಮ್ಮ ಬೀದಿಯ ಮೋರಿ ಸರಿಮಾಡಿಸಿದ್ದಾನೆ ಎಂದ."

"ನೀವೇನು ಮಾಡಿದಿರಿ?"

ಆಕೆ ನಕ್ಕರೋ ಅತ್ತರೋ ನನಗೆ ಸರಿಯಾಗಿ ತಿಳಿಯಲಿಲ್ಲ. "ಬಗ್ಗಿ ನಮಸ್ಕಾರ ಮಾಡಿದೆ. ಅವನು ಹೋಗಲಿಲ್ಲ. ಪಕ್ಕದಲ್ಲಿ ಸೈಕಲ್ಲು ನಿಲ್ಲಿಸಿ, ಒಂದೇ ಕೈಯಲ್ಲಿ ಎಷ್ಟು ಹೊತ್ತು ಹಿಡೀತೀರಿ, ನೋವು ಬರುತ್ತದೆ, ನನಗೆ ಗೊತ್ತು ಎಂದು ಫಲಕದ ಇನ್ನೊಂದು ತುದಿ ಹಿಡಿದುಕೊಂಡ."